ಸೆರಾಮಿಕ್ ಬರ್ನರ್‌ಗೆ ಹೈಡ್ರೋಜನ್ ಬೆರೆಸಿದ ಗ್ಯಾಸ್ ಬಂದ್ರೆ ಏನಾಗತ್ತೆ?

ಪೀಣ್ಯ_ಪಾಂಡು
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಒಂದು ಪೌಡರ್ ಕೋಟಿಂಗ್ (ಲೋಹಕ್ಕೆ ಪುಡಿ ಬಣ್ಣ ಹಿಡಿಸೋ) ಯೂನಿಟ್‌ನಲ್ಲಿ ಮೇಂಟೆನೆನ್ಸ್ ನೋಡ್ಕೋತೀನಿ. ಓವನ್ ಬಾಯಲ್ಲಿ ಎಂಟು ಇನ್‌ಫ್ರಾರೆಡ್ ಬರ್ನರ್ ಇವೆ, ಪೈಪ್ ಗ್ಯಾಸಲ್ಲಿ ಓಡ್ತವೆ. ಮುಂದೆ ಸೆರಾಮಿಕ್ ಬಿಲ್ಲೆ, ಅದು ಕೆಂಡದ ಹಾಗೆ ಕೆಂಪಗಾಗಿ ಶಾಖ ಬೀರತ್ತೆ, ಪೌಡರ್ ಅಲ್ಲೇ ಕರಗಿ ಹಿಡ್ಕೊಳತ್ತೆ.

ನಮ್ಮ ಓನರ್ ಎಲ್ಲೋ ಓದ್ಕೊಂಡು ಬಂದಿದ್ದಾರೆ: ಸೂರತ್ ಹತ್ರ ಕವಾಸ್‌ನಲ್ಲಿ ಎನ್‌ಟಿಪಿಸಿಯವರು 2023ರ ಜನವರಿಯಿಂದ ಟೌನ್‌ಶಿಪ್ ಮನೆಗಳ ಗ್ಯಾಸಿಗೆ ಹೈಡ್ರೋಜನ್ ಬೆರೆಸ್ತಿದ್ದಾರೆ, ನಾಳೆ ನಮಗೂ ಅದೇ ಬಂದ್ರೆ ಈ ಬರ್ನರ್ ತಡ್ಕೊಳತ್ತಾ, ಇಲ್ಲಾ ಈಗಲೇ ಬೇರೆ ತರಿಸ್ಬೇಕಾ ಅಂತ ದಿನಾ ಕೇಳ್ತಾರೆ. ನಾನು ಐಟಿಐ ಮಾಡ್ದೋನು, ಏನು ಹೇಳ್ಲಿ? ಮೊದಲೇ 3ನೇ ನಂಬರ್ ಬರ್ನರ್ ಸಣ್ಣ ಉರಿಗೆ ಇಟ್ಟಾಗ ಆಗಾಗ ಟಪ್ ಅಂತ ಸದ್ದು ಮಾಡತ್ತೆ. ಹೈಡ್ರೋಜನ್ ಬಂದ್ರೆ ಓವನ್ನೇ ಹಾರೋಗತ್ತೇನೋ ಅಂತ ಭಯ.

ಬೆಂಕಿಪೊಟ್ಟಣ
20% ತನಕ ಏನೂ ಆಗಲ್ಲ ಸರ್. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ನೂರು ಮನೆಗಳಿಗೆ 20% ವರೆಗೆ ಬೆರೆಸಿ ಕೊಟ್ಟು ನೋಡಿದ್ದಾರೆ. ಒಲೆ, ಬಾಯ್ಲರ್ ಯಾವುದನ್ನೂ ಬದಲಾಯಿಸಲಿಲ್ಲ. ಆರಾಮಾಗಿರಿ.

ಕುಲುಮೆ_ಹುಬ್ಬಳ್ಳಿ
ಹಂಗ ಒಂದ ಸಾಲಿನ್ಯಾಗ ಹೇಳಿ ಮುಗಸೂ ಮಾತಲ್ಲರೀ ಇದು. ಅಲ್ಲಿ ಇದ್ದದ್ದು ಮನಿ ಒಲಿ, ಮನಿ ಬಾಯ್ಲರ್. ಪಾಂಡು ಅವರದು ಸೆರಾಮಿಕ್. ಅದರಾಗೂ ಎರಡು ಜಾತಿ ಅದಾವ. ಒಂದು ತೂತಿನ ಬಿಲ್ಲೆ, ಉರಿ ಅದರ ಮೈಮ್ಯಾಲೆ ಕೂಡ್ತದ. ಇನ್ನೊಂದು ಸ್ಪಂಜಿನಂಥಾ ನೊರೆ ಸೆರಾಮಿಕ್ ಇಲ್ಲಾ ಗುಂಡು ತುಂಬಿದ ಹಾಸು, ಉರಿ ಅದರ ಹೊಟ್ಟಿ ಒಳಗ ಇರ್ತದ. ನಿಮ್ಮದು ಯಾವುದ್ರೀ?

ಪೀಣ್ಯ_ಪಾಂಡು
ತೂತಿನ ಬಿಲ್ಲೆ ಸರ್. ಡ್ರಿಲ್ ಬಿಟ್ ಹಾಕಿ ನೋಡ್ದೆ, 1.2 ಮಿ.ಮೀ.ದು ಸಲೀಸಾಗಿ ಹೋಗತ್ತೆ, 1.5 ಹೋಗಲ್ಲ. ದಪ್ಪ ಒಂದು ಬೆರಳಷ್ಟು.

ಕುಲುಮೆ_ಹುಬ್ಬಳ್ಳಿ
ಶಾಣ್ಯಾರು ನೀವು. ಅರ್ಧ ಉತ್ತರ ನೀವ ಕೊಟ್ರಿ.

ಸಣ್ಣ ಸಂದಿಯೊಳಗ ಉರಿ ತೂರಲಿಕ್ಕೆ ಆಗೂದಿಲ್ಲ, ಗೋಡಿ ಅದರ ಶಾಖ ಹೀರಿಬಿಡ್ತದ. ಗಣಿಯೊಳಗ ಹಿಡ್ಕೊಂಡು ಹೋಗ್ತಿದ್ದ ಡೇವಿ ದೀಪದ ಜಾಳಿಗಿ ನೆನಪ ಮಾಡ್ಕೊರಿ, ಅದ ಲೆಕ್ಕ. ನಿಮ್ಮ ಪೈಪ್ ಗ್ಯಾಸ್ ಅಂದ್ರ ಹೆಚ್ಚಾಗಿ ಮೀಥೇನ್. ಮೀಥೇನಿಗೆ ಈ ಸಂದಿ 2 ಮಿ.ಮೀ. ಮ್ಯಾಲೆ ಬೇಕು. ಹೈಡ್ರೋಜನ್ನಿಗೆ 0.6 ಮಿ.ಮೀ. ಇದ್ರ ಸಾಕು. ನಿಮ್ಮ 1.2ರ ತೂತು ಮೀಥೇನಿಗೆ ಮುಚ್ಚಿದ ಬಾಗಿಲು, ಬರೇ ಹೈಡ್ರೋಜನ್ನಿಗೆ ಹಾಕಿದ್ದು ತೆಗೆದ ಬಾಗಿಲು. ಬೆರಕಿ ಇದ್ರ ನಡುವ ಎಲ್ಲೋ.

ಅಳತೆಗೋಲು
ಸಣ್ಣ ತಿದ್ದುಪಡಿ. ಆ 2 ಮತ್ತು 0.6 ಎರಡು ಚಪ್ಪಟೆ ತಟ್ಟೆಗಳ ನಡುವಿನ ಸಂದಿಗೆ ಹೇಳುವ ಲೆಕ್ಕ. ದುಂಡು ತೂತಿಗೆ ಸುಮಾರು ಒಂದೂವರೆ ಪಟ್ಟು ಹಾಕಿಕೊಳ್ಳಬೇಕು, ಅಂದರೆ ಹೈಡ್ರೋಜನ್‌ಗೆ 1 ಮಿ.ಮೀ. ಹತ್ತಿರ. ಆಗಲೂ 1.2ರಲ್ಲಿ ಅದು ನುಸುಳತ್ತೆ ಅನ್ನೋದು ಸರಿಯೇ.

ಇನ್ನೊಂದು ಮಾತು ಬಿಟ್ಟುಹೋಯಿತು. ತೂತಿನಲ್ಲಿ ಗ್ಯಾಸು ಮುಂದಕ್ಕೆ ಹರಿಯುತ್ತಿರುತ್ತೆ, ಉರಿ ಹಿಂದಕ್ಕೆ ಈಜಬೇಕು. ಮೀಥೇನ್ ಉರಿಯ ಓಟ ಸೆಕೆಂಡಿಗೆ 38 ಸೆಂ.ಮೀ. ಆಸುಪಾಸು. ಹೈಡ್ರೋಜನ್‌ದು ಅದೇ ಹದದ ಗಾಳಿಯಲ್ಲಿ 2 ಮೀಟರ್ ದಾಟತ್ತೆ. ದೊಡ್ಡ ಉರಿಯಲ್ಲಿ ಹರಿವು ಜೋರಿರುವುದರಿಂದ ತಡೆಯುತ್ತೆ. ಸಣ್ಣ ಉರಿಗೆ ಇಳಿಸಿದಾಗಲೇ ಹಿಂದಕ್ಕೆ ನುಗ್ಗೋದು. ಪಾಂಡು ಅವರ ಟಪ್ ಸದ್ದೂ ಸಣ್ಣ ಉರಿಯಲ್ಲೇ ಅಂದ್ರಲ್ಲ.

ಬೆಂಕಿಪೊಟ್ಟಣ
ಬರೀ ಹೈಡ್ರೋಜನ್ ಲೆಕ್ಕ ಹೇಳಿ ಹೆದರಿಸ್ತಿದ್ದೀರಿ. ಕೇಳಿರೋದು ಬೆರಕೆ ಬಗ್ಗೆ. ಯುರೋಪಿನಲ್ಲಿ ಗ್ಯಾಸ್ ಉಪಕರಣಗಳಿಗೆ ಜಿ222 ಅಂತ ಒಂದು ಪರೀಕ್ಷಾ ಗ್ಯಾಸ್ ಇದೆ, ಅದರಲ್ಲಿ 23% ಹೈಡ್ರೋಜನ್. ಉರಿ ಹಿಂದಕ್ಕೆ ಹೋಗತ್ತಾ ಅಂತ ನೋಡೋಕೇ ಅದನ್ನ ಇಟ್ಟಿರೋದು. ಅದರಲ್ಲಿ ಪಾಸಾದ ಬರ್ನರ್ 20% ತಡ್ಕೊಳ್ಳದೇ ಇರತ್ತಾ?

ಅಳತೆಗೋಲು
ಪಾಸಾದ ಬರ್ನರ್ ತಡ್ಕೊಳತ್ತೆ, ಸರಿ. ಪಾಂಡು ಅವರದ್ದು ಪಾಸಾಗಿದೆ ಅಂತ ಯಾರು ಹೇಳಿದರು?

ಪೀಣ್ಯ_ಪಾಂಡು
ನಮ್ಮದು ಲೋಕಲ್ ಫ್ಯಾಬ್ರಿಕೇಟರ್ ಮಾಡ್ಕೊಟ್ಟಿದ್ದು ಸರ್. ಪಾಸು ಫೇಲು ಏನೂ ಇಲ್ಲ 😅

ಎಂಟೆಕ್_ಮುಗೀತಿಲ್ಲ
ಅಬ್ಬಾ, ನನ್ನ ಪ್ರಾಜೆಕ್ಟ್ ವಿಷಯಾನ ಒಬ್ಬರಾದ್ರೂ ಮಾತಾಡ್ತಿದ್ದಾರಲ್ಲ! ಮನೇಲಿ ಯಾರಿಗೂ ಅರ್ಥ ಆಗಲ್ಲ. ಅಮ್ಮ "ಕಲ್ಲಿನ ಒಲೆ ಮಗ" ಅಂತ ಪರಿಚಯ ಮಾಡ್ಕೊಡ್ತಾರೆ.

ನನ್ನದು ಎರಡನೇ ಜಾತಿ, ಗುಂಡಿನ ಹಾಸು. ನಿಲ್ಲಿಸಿದ ಕೊಳವೆ, ಕೆಳಗಡೆ 3 ಮಿ.ಮೀ. ಅಲ್ಯುಮಿನಾ ಗುಂಡು, ಮೇಲೆ 10 ಮಿ.ಮೀ. ಗುಂಡು. ಗ್ಯಾಸು ಗಾಳಿ ಬೆರೆತು ಕೆಳಗಿಂದ ಬರತ್ತೆ. ಸಣ್ಣ ಗುಂಡಿನ ಸಂದೀಲಿ ಉರಿ ನಿಲ್ಲಲ್ಲ, ದೊಡ್ಡ ಗುಂಡಿನಲ್ಲಿ ನಿಲ್ಲತ್ತೆ. ಹಾಗಾಗಿ ಎರಡೂ ಸೇರೋ ಗಡೀಲಿ ಉರಿ ಕೂತ್ಕೋಬೇಕು, ಅದೇ ಡಿಸೈನ್. ಮೈಯುದ್ದಕ್ಕೂ 2 ಸೆಂ.ಮೀ.ಗೊಂದು ಥರ್ಮೋಕಪಲ್, ಅಂದ್ರೆ ಬಿಸಿ ಅಳೆಯೋ ತಂತಿ.

ಬರೀ ಮೀಥೇನಲ್ಲಿ, ಗಾಳಿ ಚೆನ್ನಾಗಿ ಜಾಸ್ತಿ ಇಟ್ಟು ಓಡಿಸಿದ್ರೆ ಗಡಿಗಿಂತ ಒಂಚೂರು ಮೇಲೆ ಕೆಂಪು ಪಟ್ಟಿ ಬಂದು ಗಂಟೆಗಟ್ಟಲೆ ಕದಲದೆ ಕೂರತ್ತೆ. ಹೈಡ್ರೋಜನ್ 20% ಮಾಡಿದಾಗ ಪಟ್ಟಿ ಗಡಿಗೆ ಅಂಟ್ಕೊಂಡು ಕೂತ್ಕೊಳ್ತು. ಗಾಳಿ ಇನ್ನೂ ಏರಿಸಿದ್ರೂ ಆರಲಿಲ್ಲ, ಮೀಥೇನ್ ಒಂದೇ ಇದ್ದಾಗ ಆರಿಹೋಗ್ತಿದ್ದ ಕಡೆ ಇದು ಉರೀತಿತ್ತು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಇಳೀತು. ಗೈಡ್‌ಗೆ ಖುಷಿ. 40% ಮಾಡಿ ಅಂದ್ರು.

40% ಹಾಕಿ ಟೀ ಕುಡಿಯೋಕೆ ಹೋದೆ. ಬಂದು ನೋಡ್ತೀನಿ, ಗಡಿಯಿಂದ ಕೆಳಗಿನ ಮೊದಲ ಥರ್ಮೋಕಪಲ್ 300 ಇದ್ದಿದ್ದು 900. ಅದರ ಕೆಳಗಿಂದು ನಿಧಾನಕ್ಕೆ ಏರ್ತಾ ಇದೆ. ಸದ್ದು ಗದ್ದಲ ಏನೂ ಇಲ್ಲ. ಗೆದ್ದಲು ಹತ್ತಿದ ಹಾಗೆ ಉರಿ ಕೆಳಕ್ಕೆ ತೆವಳ್ತಾ ಇತ್ತು. ಒಂದೊಂದೇ ಥರ್ಮೋಕಪಲ್ ಸರದಿ ಪ್ರಕಾರ ಏರ್ತಿರೋದನ್ನ ಇಪ್ಪತ್ತು ನಿಮಿಷ ನೋಡ್ಕೊಂಡು ನಿಂತಿದ್ದೆ, ಆಮೇಲೆ ಗ್ಯಾಸ್ ಮುಚ್ಚಿದೆ. ಮುಚ್ಚದೇ ಇದ್ದಿದ್ರೆ ಬೆರೆಸೋ ಡಬ್ಬಿಗೇ ಹೋಗಿ ಮುಟ್ತಿತ್ತು.

ಬೆಂಕಿಪೊಟ್ಟಣ
ಉರಿ ಬಿಟ್ಟು ಟೀಗೆ ಹೋದ್ರಾ? ನಿಮ್ಮ ಎಂಟೆಕ್ ಯಾಕೆ ಮುಗೀತಿಲ್ಲ ಗೊತ್ತಾಯ್ತು.

ಎಂಟೆಕ್_ಮುಗೀತಿಲ್ಲ
ಲ್ಯಾಬ್ ಮೇಟ್ ಇದ್ದ ಸಾರ್!! ಮೊಬೈಲ್ ನೋಡ್ತಿದ್ದ ಅಷ್ಟೆ.

ಅಳತೆಗೋಲು
ಇದೇ ಎರಡು ಜಾತಿಗಳ ನಿಜವಾದ ವ್ಯತ್ಯಾಸ. ಬಿಲ್ಲೆಯಲ್ಲಿ ಟಪ್ ಅಂತ ಕ್ಷಣದಲ್ಲಿ ಹಿಂದಕ್ಕೆ ಹಾರತ್ತೆ. ಗುಂಡಿನ ಹಾಸಿನಲ್ಲಿ ಸೆಕೆಂಡಿಗೆ ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ತೆವಳತ್ತೆ, ಯಾಕಂದರೆ ಅದು ಮುಂದಿನ ಕಲ್ಲನ್ನು ಕಾಯಿಸಿಕೊಂಡೇ ಹೆಜ್ಜೆ ಇಡಬೇಕು.

ಆಸಕ್ತಿ ಇದ್ದವರಿಗೆ ಲೆಕ್ಕ. ನೊವೊಸಿಬಿರ್ಸ್ಕ್‌ನ ಬಾಬ್ಕಿನ್ ಮತ್ತವರ ಸಂಗಡಿಗರು ಕಂಡುಕೊಂಡ ಸೂತ್ರ ಇದು: ಉರಿಯ ಓಟವನ್ನು ಸಂದಿಯ ಅಗಲದಿಂದ ಗುಣಿಸಿ, ಗ್ಯಾಸಿನ ಶಾಖ ಹರಡುವ ಗುಣಾಂಕದಿಂದ ಭಾಗಿಸಿ. ಬಂದದ್ದು ಪೆಕ್ಲೆ ಸಂಖ್ಯೆ. ಅದು 65 ದಾಟಿದರೆ ಉರಿ ಹಾಸಿನೊಳಗೆ ಓಡಬಲ್ಲದು, ಇಲ್ಲದಿದ್ದರೆ ಸಾಯತ್ತೆ. ಮೀಥೇನಿಗೆ ಹಾಕಿ ನೋಡಿದರೆ ಸಂದಿ ಸುಮಾರು 3.8 ಮಿ.ಮೀ. ಬೇಕು. ಗುಂಡಿನ ನಡುವಿನ ಸಂದಿ ಗುಂಡಿನ ವ್ಯಾಸದ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ, ಆದ್ದರಿಂದ ಗುಂಡು 10 ಮಿ.ಮೀ. ಇರಬೇಕು. ನಿಮ್ಮ ಮೇಲಿನ ಪದರಕ್ಕೆ 10 ಯಾಕೆ ಅನ್ನೋದಕ್ಕೆ ಉತ್ತರ ಸಿಕ್ಕಿತಲ್ಲ. ಬರೀ ಹೈಡ್ರೋಜನ್ನಿಗೆ ಸಂದಿ 1.2 ಮಿ.ಮೀ. ಹತ್ತಿರ ಬರತ್ತೆ, ಗುಂಡು ಮೂರೂವರೆ ಮಿ.ಮೀ.

ಎಂಟೆಕ್_ಮುಗೀತಿಲ್ಲ
ಅದೇ ಸಾರ್ ನನ್ನ ತಲೆನೋವು. ನನ್ನ ಕೆಳಗಿನ ಗುಂಡು 3 ಮಿ.ಮೀ., ಗಾಳಿ ಬೇರೆ ಜಾಸ್ತಿ. ಲೆಕ್ಕ ಹಾಕಿದ್ರೆ 40% ಬೆರಕೆಗೂ ಆ ಸಂಖ್ಯೆ 65ರ ಹತ್ರಾನೂ ಬರಲ್ಲ, ಹತ್ತು ಹನ್ನೊಂದು ಬರತ್ತೆ. ಆದ್ರೂ ಇಳೀತಲ್ಲ?

ಕುಲುಮೆ_ಹುಬ್ಬಳ್ಳಿ
ತಮ್ಮಾ, 65 ಅನ್ನೂದು ತಣ್ಣಗಿನ ಕಲ್ಲಿನ ಲೆಕ್ಕ. ಕಲ್ಲು ತಣ್ಣಗಿದ್ರ ಉರಿಯ ಶಾಖ ಕಸ್ಕೊಂಡು ಕೊಲ್ತದ. ಕಲ್ಲ ಕಾದು ಕೆಂಡ ಆದಮ್ಯಾಲೆ ಏನ್ ಕಸ್ಕೊಳ್ತದ? ತಾನ ಕೊಡ್ತದ. ನಿನ್ನ ಉರಿ ಗಡಿಗೆ ಅಂಟಿ ಕೂತು ಕೆಳಗಿನ ಗುಂಡು ಕಾಯಿಸಿತು, ಕಾದ ಗುಂಡು ದಾರಿ ಬಿಟ್ಟಿತು. ಹೊಸ್ತಿಲದಾಗ ಕೂತ ಬೀಗರು ಒಳಗ ಬಂದ್ಹಂಗ.

ನಮ್ಮ ಕಡೆ ಫೌಂಡ್ರಿಯೊಳಗೂ ಇದ ನೋಡೀವಿ. ಹೊಸಾ ಬರ್ನರ್ ಮುಂಜಾನೆ ಚೊಲೋ ನಡೀತದ, ಮಧ್ಯಾಹ್ನ ಮೈ ಕಾದಮ್ಯಾಲೆ ಹಟ ಮಾಡ್ತದ. ಹತ್ತ ನಿಮಿಷ ಟೆಸ್ಟ್ ಮಾಡಿ ಪಾಸು ಅನ್ನಬ್ಯಾಡ್ರಿ.

ಎಂಟೆಕ್_ಮುಗೀತಿಲ್ಲ
ಬೀಗರು 😂 ಇದನ್ನ ಥೀಸಿಸ್‌ನಲ್ಲಿ ಹಾಕಲಾ?

ಹೊಗೆಗೊಳವೆ
ಯಾರೂ ನೈಟ್ರೋಜನ್ ಆಕ್ಸೈಡ್ (ನಾಕ್ಸ್) ಅನ್ನೋ ವಿಷದ ಹೊಗೆ ಬಗ್ಗೆ ಮಾತಾಡ್ತಿಲ್ಲ. ಹೈಡ್ರೋಜನ್ ಉರಿ ಮೀಥೇನಿಗಿಂತ 150 ಡಿಗ್ರಿ ಜಾಸ್ತಿ ಬಿಸಿ. ಬಿಸಿ ಏರಿದ್ರೆ ನಾಕ್ಸ್ ಏರತ್ತೆ, ಮುಗೀತು. ಹಸಿರು ಅಂತ ಹೇಳಿ ಊರಿಗೆ ಹೊಗೆ ಕುಡಿಸ್ತಾರೆ.

ಬೆಂಕಿಪೊಟ್ಟಣ
ತಪ್ಪು. ನಾನು ನೋಡಿರೋ ಬಾಯ್ಲರ್ ಟೆಸ್ಟ್‌ಗಳಲ್ಲೆಲ್ಲ ಹೈಡ್ರೋಜನ್ ಬೆರೆಸಿದಾಗ ನಾಕ್ಸ್ ಇಳಿದಿದೆ.

ಹೊಗೆಗೊಳವೆ
ಹಾಗಾದ್ರೆ ಮೀಟರ್ ಕೆಟ್ಟಿದೆ.

ಎಂಟೆಕ್_ಮುಗೀತಿಲ್ಲ
ನನ್ನ ರಿಗ್‌ನಲ್ಲಿ ಏರಿದೆ. ತುಂಬಾ ಅಲ್ಲ, ಆದ್ರೆ ಏರಿದೆ.

ಅಳತೆಗೋಲು
ಜಗಳ ಬೇಡ, ಮೂವರೂ ಸರಿ. ಏನನ್ನು ಕದಲಿಸದೆ ಇಟ್ಟಿದ್ದೀರಿ ಅನ್ನೋದು ಬೇರೆ ಬೇರೆ.

ಎಂಟೆಕ್ ಅವರು ಲ್ಯಾಬಲ್ಲಿ ಗಾಳಿಯ ಅನುಪಾತ ಕದಲಿಸದೆ ಹೈಡ್ರೋಜನ್ ಏರಿಸಿದ್ದಾರೆ. ಆಗ ಉರಿ ಬಿಸಿಯಾಗತ್ತೆ, ನಾಕ್ಸ್ ಏರತ್ತೆ. ಬಾಯ್ಲರ್‌ನಲ್ಲಿ ಯಾರೂ ಅನುಪಾತ ಕಾಯೋದಿಲ್ಲ. ಗ್ಯಾಸ್ ಚಿಮ್ಮೋ ತೂತು ಅಂದರೆ ಜೆಟ್ಟು, ಗಾಳಿ ಊದೋ ಫ್ಯಾನು ಇದ್ದ ಹಾಗೇ ಇರತ್ತೆ, ಪೈಪಿನಲ್ಲಿ ಬರೋ ಗ್ಯಾಸು ಮಾತ್ರ ಬದಲಾಗತ್ತೆ. 20% ಬೆರಕೆ ಹಗುರ, ಅದೇ ಜೆಟ್ಟಿನಲ್ಲಿ 10% ಹೆಚ್ಚು ಹರಿಯತ್ತೆ. ಆದರೆ ಒಂದು ಪಾಲು ಮೀಥೇನಿಗೆ ಒಂಬತ್ತೂವರೆ ಪಾಲು ಗಾಳಿ ಬೇಕಾದ ಕಡೆ, ಈ ಬೆರಕೆಯ ಒಂದು ಪಾಲಿಗೆ 8.1 ಪಾಲು ಸಾಕು. ಎರಡೂ ಕೂಡಿಸಿ ನೋಡಿದರೆ ಬೇಕಾದ ಗಾಳಿ ಆರೇಳು ಶೇಕಡಾ ಕಮ್ಮಿ. ಮೊದಲು 30% ಹೆಚ್ಚುವರಿ ಗಾಳಿ ಇಟ್ಟಿದ್ದರೆ ಅದು ತಾನಾಗಿ 39% ಆಗಿಬಿಡತ್ತೆ. ಆ ತಣ್ಣಗಿನ ಗಾಳಿ ಉರಿಯನ್ನ ತಂಪು ಮಾಡತ್ತೆ, ನಾಕ್ಸ್ ಏರಲ್ಲ, ಹಲವು ಸಲ ಇಳಿಯತ್ತೆ. ಜೊತೆಗೆ ಶಾಖವೂ ಐದು ಶೇಕಡಾದಷ್ಟು ಇಳಿಯತ್ತೆ, ಅದನ್ನ ಓವನ್ನಿನವರು ಗಮನಿಸಬೇಕು.

ಹೊಗೆಗೊಳವೆ
ಸರಿ, ಒಪ್ಪಿದೆ. ಆದ್ರೆ ಯಾರಾದ್ರೂ ಬಂದು "ಶಾಖ ಕಮ್ಮಿಯಾಯ್ತು" ಅಂತ ಗಾಳಿ ಡ್ಯಾಂಪರ್ ಮುಚ್ಚಿದ್ರೆ ನಾನು ಹೇಳಿದ್ದೇ ಆಗೋದು.

ಅಳತೆಗೋಲು
ಖಂಡಿತ. ಡ್ಯಾಂಪರ್ ಮುಟ್ಟುವವರು ಎಲ್ಲ ಕಡೆ ಇರುತ್ತಾರೆ.

ಹಾಂಗ್‌ಕಾಂಗ್_ಶೆಟ್ರು
ಮಾರಾಯ್ರೆ, ನೀವು 20ಕ್ಕೆ ಇಷ್ಟು ಹೆದರ್ತೀರಿ. ನಾನು ಇಲ್ಲಿ ಹನ್ನೊಂದು ವರ್ಷದಿಂದ ದಿನಾ ನೀರ್ ದೋಸೆ ಹೊಯ್ಯುವುದೇ ಹೈಡ್ರೋಜನ್ ಉರಿಯಲ್ಲಿ. ಹಾಂಗ್‌ಕಾಂಗಿನ ಟೌನ್ ಗ್ಯಾಸಿನಲ್ಲಿ ಅರ್ಧಕ್ಕರ್ಧ ಹೈಡ್ರೋಜನ್ ಉಂಟು. ಒಲೆ ಅದಕ್ಕೇ ಅಂತ ಮಾಡಿದ್ದು, ಅಷ್ಟೇ. ಊರಿಂದ ತಂದ ಒಲೆ ಇಲ್ಲಿ ಆಗುದಿಲ್ಲ.

ಗಿರಗಾಂವ್_ಮೊಮ್ಮಗ
ಹಳೇ ಮುಂಬಯಿ, ಕೋಲ್ಕತ್ತಾದಲ್ಲಿ ಪೈಪಿನಲ್ಲಿ ಬರ್ತಿದ್ದ ಕಲ್ಲಿದ್ದಲು ಗ್ಯಾಸೂ ಹಾಗೇ, ಹೆಚ್ಚುಕಮ್ಮಿ ಅರ್ಧ ಹೈಡ್ರೋಜನ್. ನಮ್ಮಜ್ಜಿ ಅದರಲ್ಲೇ ಅಡುಗೆ ಮಾಡಿದ್ದು. ಹೊಸದು ಅಂತ ಯಾಕೆ ಕುಣೀತಾರೋ.

ಬೆಂಕಿಪೊಟ್ಟಣ
ಶೆಟ್ರೆ, ನೀರ್ ದೋಸೆ ತವಾ ಯಾವುದು? ಇಲ್ಲಿ ನಮ್ಮನೇಲಿ ಎದ್ದೇಳಲ್ಲ.

ಹಾಂಗ್‌ಕಾಂಗ್_ಶೆಟ್ರು
ಕಬ್ಬಿಣದ್ದು, ಅಮ್ಮ ಕೊಟ್ಟದ್ದು. ಬೇರೆ ತ್ರೆಡ್ ಮಾಡಿ, ಅಲ್ಲಿ ಹೇಳ್ತೇನೆ.

ಶಿರಸಿ_ಗೋಬರ್
ನಮ್ಮ ಬದಿಗೆ ಮನೆಮನೆಗೆ ಗೋಬರ್ ಗ್ಯಾಸ್ ಇದ್ದು. ಅದರಲ್ಲಿ ಹತ್ತಿರ ಹತ್ತಿರ 40% ಇಂಗಾಲದ ಡೈಆಕ್ಸೈಡೇ. ಉರಿ ಮಂದ, ಗಾಳಿ ಬೀಸಿದ್ರೆ ಎದ್ದು ಹಾರಿ ಆರಿಹೋಗ್ತು. ಅಡಿಕೆ ಒಣಗಿಸೂಕೆ ಇಂಥ ಸೆರಾಮಿಕ್ ಹಾಸಿನ ಒಲೆ ಆಗ್ತಾ? ಅದಕ್ಕೂ ಹೈಡ್ರೋಜನ್ ಸೇರಿಸಕ್ಕಾ?

ಅಳತೆಗೋಲು
ನಿಮ್ಮ ಪ್ರಶ್ನೆ ಎಲ್ಲರಿಗಿಂತ ಚೆನ್ನಾಗಿದೆ. ಮಂದ ಗ್ಯಾಸಿಗೆ ಹೇಳಿ ಮಾಡಿಸಿದ್ದೇ ಇಂಥ ಹಾಸು. ಮೇಲೆ ಕಾದ ಕಲ್ಲು ತನ್ನ ಶಾಖವನ್ನ ಕೆಳಕ್ಕೆ ಬೀರಿ, ಬರುತ್ತಿರುವ ತಣ್ಣಗಿನ ಗ್ಯಾಸನ್ನ ಮೊದಲೇ ಬಿಸಿ ಮಾಡತ್ತೆ. ಹೀಗೆ ಶಾಖವನ್ನೇ ಸಾಲ ತಂದು ಉರಿಸಬಹುದು ಅಂತ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವೈನ್‌ಬರ್ಗ್ 1971ರಲ್ಲೇ ಬರೆದಿದ್ದರು. ಸಾದಾ ಬರ್ನರ್‌ನಲ್ಲಿ ಹೊತ್ತಿಕೊಳ್ಳದಷ್ಟು ತೆಳುವಾದ ಮಿಶ್ರಣವೂ ಇದರಲ್ಲಿ ಉರಿಯತ್ತೆ. ಐಐಟಿ ಗುವಾಹಟಿಯವರು ಎಲ್‌ಪಿಜಿ ಅಡುಗೆ ಒಲೆಗೂ ಇದೇ ಎರಡು ಪದರದ ಹಾಸು ಮಾಡಿದ್ದಾರೆ.

ಹೈಡ್ರೋಜನ್ ಸ್ವಲ್ಪ ಸೇರಿಸಿದರೆ ನಿಮ್ಮ ಗ್ಯಾಸಿನ ಉರಿ ಚುರುಕಾಗತ್ತೆ, ನಿಜ. ಡೈಆಕ್ಸೈಡು ತಗ್ಗಿಸಿದ ಓಟವನ್ನ ಇದು ವಾಪಸ್ ಕೊಡತ್ತೆ. ಆದರೆ ಹಾಸು ಸರಿಯಿದ್ದರೆ ಅದು ಬೇಕಾಗೇ ಇಲ್ಲ. ಅಡಿಕೆಗೆ ಹೈಡ್ರೋಜನ್ ಎಲ್ಲಿಂದ ತರ್ತೀರಿ?

ಶಿರಸಿ_ಗೋಬರ್
ಅಡಿಕೆ ಸಿಪ್ಪೆಯಿಂದ ಬರೂದಿಲ್ಯ? ಐಐಎಸ್‌ಸಿಯವ್ರು ಸೌದೆಯಿಂದ ಹೈಡ್ರೋಜನ್ ತೆಗೀತ ಹೇಳಿ ಪೇಪರಲ್ಲಿ ಬಂದಿತ್ತಪ.

ಕುಲುಮೆ_ಹುಬ್ಬಳ್ಳಿ
ಬರ್ತದರೀ. ಒಂದ ಕಿಲೋ ಜೀವರಾಶಿಗೆ 100 ಗ್ರಾಂ ತೆಗೀತಾರಂತ, ಹಬೆ ಕೊಟ್ಟು. ಕಟಗಿಯೊಳಗ ಇದ್ದದ್ದ 60 ಗ್ರಾಂ, ಉಳದದ್ದು ಹಬೆಯ ನೀರಿಂದು. ಆದ್ರ ಅದು ಆಮ್ಲಜನಕ ಊದೂ ದೊಡ್ಡ ಯಂತ್ರ, ತ್ವಾಟದಾಗ ಇಡೂದಲ್ಲ. ಅಡಿಕಿ ಒಣಗಸಾಕ ಸಿಪ್ಪಿ ನೆಟ್ಟಗ ಸುಟ್ರ ಸಾಕು.

ಹೊಗೆಗೊಳವೆ
ಒಂದು ಮಾತು ಹೇಳ್ಬಿಡ್ತೀನಿ. 20% ಬೆರೆಸಿದ್ವಿ ಅಂತ ಬೋರ್ಡ್ ಹಾಕ್ತಾರಲ್ಲ, ಅದು ಗಾತ್ರದ ಲೆಕ್ಕ. ಘನ ಮೀಟರಿಗೆ ಮೀಥೇನ್ 36 ಮೆಗಾಜೂಲ್, ಹೈಡ್ರೋಜನ್ ಬರೀ 11. ಶಾಖದ ಲೆಕ್ಕದಲ್ಲಿ 20% ಅಂದ್ರೆ 7% ಮಾತ್ರ. ಕಾರ್ಬನ್ ಉಳಿತಾಯವೂ ಅಷ್ಟೇ. 50% ಬೆರೆಸಿದ್ರೂ 23%. ಬರ್ನರಿಗೆ ಪೂರ್ತಿ ತೊಂದರೆ, ಭೂಮಿಗೆ ಚೂರು ಲಾಭ.

ಅಳತೆಗೋಲು
ಲೆಕ್ಕ ಸರಿ, ತೀರ್ಪು ಆತುರದ್ದು. ಪೂರ್ತಿ ಹೈಡ್ರೋಜನ್ನಿಗೆ ಹೋಗುವ ದಿನ ಬಂದರೆ ಸೆರಾಮಿಕ್ಕಿನ ಬೆಲೆ ಗೊತ್ತಾಗತ್ತೆ. ಹೈಡ್ರೋಜನ್ ಉರಿ ಹಗಲಲ್ಲಿ ಕಣ್ಣಿಗೇ ಕಾಣಲ್ಲ, ಮಸಿ ಇಲ್ಲ, ಶಾಖ ಬೀರೋದೂ ಕಮ್ಮಿ. ಪೌಡರ್ ಕೋಟಿಂಗಿಗೆ ಬೇಕಾದ್ದು ಬೀರುವ ಶಾಖ. ಅದನ್ನ ಬೀರೋದು ಕಾದ ಕಲ್ಲು, ಕಲ್ಲಿಗೆ ಯಾವ ಗ್ಯಾಸಿನಿಂದ ಕಾದೆ ಅನ್ನೋದು ಬೇಕಾಗಿಲ್ಲ.

ಎಂಟೆಕ್_ಮುಗೀತಿಲ್ಲ
ಇನ್ನೊಂದು ಸೇರಿಸ್ಲಾ? ಉರಿ ಇದೆಯೋ ಇಲ್ವೋ ಅಂತ ನೋಡೋ ಅಯೊನೈಸೇಶನ್ ಕಡ್ಡಿ ಹೈಡ್ರೋಕಾರ್ಬನ್ ಉರಿಯನ್ನ ನಂಬ್ಕೊಂಡಿರತ್ತೆ. ಬರೀ ಹೈಡ್ರೋಜನ್ನಿಗೆ ಅದು ಕುರುಡು, ಯುವಿ ಸೆನ್ಸರ್ ಬೇಕು. ಹಾಗೇ ಬರಿಮೈ ಪ್ಲಾಟಿನಂ ಥರ್ಮೋಕಪಲ್ ಹಾಕ್ಬೇಡಿ. ಪ್ಲಾಟಿನಂ ತಾನೇ ಹೈಡ್ರೋಜನ್ನನ್ನ ಸುಟ್ಟು, ಇಲ್ಲದ ಬಿಸಿ ತೋರಿಸತ್ತೆ. ಎರಡು ತಿಂಗಳು ಆ ಸುಳ್ಳು ರೀಡಿಂಗ್ ನಂಬಿ ಗ್ರಾಫ್ ಹಾಕಿದ್ದೆ. ಸೆರಾಮಿಕ್ ಲೇಪ ಮಾಡಿದ್ಮೇಲೆ ಗ್ರಾಫ್ ಎಲ್ಲ ಮತ್ತೆ ಮೊದಲಿಂದ 😭

ಕುಲುಮೆ_ಹುಬ್ಬಳ್ಳಿ
ಎಲ್ಲಾ ಆತು. ಪಾಂಡು ಅವರ, ನಿಮ್ಮ 3ನೇ ನಂಬರಿನ ಟಪ್ ಸಪ್ಪಳ ಎಲ್ಲಾರೂ ಮರತಾರ. ಹೈಡ್ರೋಜನ್ ಇನ್ನ ಬಂದಿಲ್ಲ, ಬರೇ ಪೈಪ್ ಗ್ಯಾಸಿನ್ಯಾಗ 1.2ರ ತೂತಿನಿಂದ ಉರಿ ಹಿಂದ ಹೋಗೂ ಹಂಗಿಲ್ಲ. ಮತ್ತ್ಯಾಕ ಟಪ್ ಅಂತದ? ಬಿಚ್ಚಿ ನೋಡ್ರಿ. ಎಲ್ಲೋ ಬಿಲ್ಲೆ ಸೀಳಿರಬೇಕು.

ಪೀಣ್ಯ_ಪಾಂಡು
ಭಾನುವಾರ ಓವನ್ ಬಂದ್ ಇತ್ತು, ಬಿಚ್ಚಿದೆ ಸರ್. ನೀವು ಹೇಳಿದ್ದೇ. ಆರು ಬಿಲ್ಲೆಯಲ್ಲಿ ಒಂದು ಮೂಲೆಯಿಂದ ಮೂಲೆಗೆ ಸೀಳಿದೆ. ಕೆಂಪಗಾದಾಗ ಗೊತ್ತಾಗ್ತಿರ್ಲಿಲ್ಲ, ಹಿಂದಿಂದ ಟಾರ್ಚ್ ಬಿಟ್ರೆ ಬೆಳಕು ಗೆರೆ ಗೆರೆಯಾಗಿ ಬರತ್ತೆ. ಇನ್ನೆರಡು ಬಿಲ್ಲೆ ನಡುವೆ ಸಿಮೆಂಟೇ ಉದುರಿಹೋಗಿ ಕೀಲಿ ತೂರೋಷ್ಟು ಸಂದಿ. ಒಳಗಡೆ ತಗಡು ಅಲ್ಲೇ ನೀಲಿಗಟ್ಟಿದೆ. ಗಾಳಿ ಎಳೆಯೋ ಬಾಯಲ್ಲಿ ಎರಡು ವರ್ಷದ ಪೌಡರ್ ಧೂಳು ಹಲ್ವಾ ಥರ ಕೂತಿತ್ತು, ಅದನ್ನೂ ಕೆರೆದೆ.

ಉಳಿದ ಏಳನ್ನೂ ಟಾರ್ಚ್ ಬಿಟ್ಟು ನೋಡ್ದೆ. 6ನೇ ನಂಬರಲ್ಲೂ ಒಂದು ಸೀಳು.

ಅಳತೆಗೋಲು
ಆ ಸೀಳು ಉದ್ದನೆಯ ಸಂದಿ, ಅಲ್ಲಿ ತೂತಿನ ಲೆಕ್ಕ ನಡೆಯಲ್ಲ, ತಟ್ಟೆಯ ಲೆಕ್ಕ. ಬೆರಕೆ ಗ್ಯಾಸಿಗೆ ಇನ್ನೂ ಸಣ್ಣ ಸೀಳೂ ಸಾಕು. ಬದಲಾಯಿಸಿ.

ಪೀಣ್ಯ_ಪಾಂಡು
ಬದಲಾಯಿಸ್ತೀನಿ ಸರ್. ಓನರ್‌ಗೆ ಹೇಳ್ದೆ, ಹೈಡ್ರೋಜನ್ ಆಮೇಲೆ ನೋಡೋಣ, ಮೊದ್ಲು ಎಂಟು ಬಿಲ್ಲೆ ತರಿಸಿ ಅಂತ. "ಎಂಟು ಯಾಕೆ, ಸೀಳಿರೋದು ಎರಡೇ ಅಲ್ವಾ" ಅಂದ್ರು. ಬಿಲ್ಲೆ ಕೂರಿಸೋ ಸಿಮೆಂಟ್ ಯಾವುದು ಒಳ್ಳೇದು, ಯಾರಿಗಾದ್ರೂ ಗೊತ್ತಿದ್ರೆ ಹೇಳಿ.

ಕುಲುಮೆ_ಹುಬ್ಬಳ್ಳಿ
ಬಿಲ್ಲೆ ಮಾಡಿದವರ ಕಡೆನ ತಗೋರಿ, ಅಂಗಡಿ ಫೈರ್ ಕ್ಲೇ ಹಚ್ಚಬ್ಯಾಡ್ರಿ, ಎರಡ ತಿಂಗಳಿಗೆ ಉದರ್ತದ. ಹಚ್ಚಿದಮ್ಯಾಲೆ ಒಂದ ದಿನ ಹಂಗ ಬಿಡ್ರಿ, ಆಮ್ಯಾಲೆ ಸಣ್ಣ ಉರಿ.